ಎಣಿಕೆಯಿಂದ ಜೀವ ಉಳಿಸಿದವರು

"ನಮ್ಮ ಅಜ್ಜ ಎಂಬತ್ತೈದು ವರ್ಷ ಬದುಕಿದ. ಕೊನೆಯ ದಿನದವರೆಗೂ ಬೀಡಿ ಬಿಡಲಿಲ್ಲ. ಅವನಿಗೇನಾಯಿತು?"

ಈ ಮಾತನ್ನು ಕೇಳದ ಮನೆ ನಮ್ಮಲ್ಲಿ ವಿರಳ. ಹಬ್ಬಕ್ಕೋ ಜಾತ್ರೆಗೋ ಬಂಧುಬಳಗ ನೆರೆದು, ಊಟ ಮುಗಿಸಿ ಕಟ್ಟೆಯ ಮೇಲೆ ಕುಳಿತಾಗ, ಮಗಳೋ ಸೊಸೆಯೋ "ಅಪ್ಪಾಜಿ, ಇನ್ನಾದರೂ ಬೀಡಿ ಬಿಡಬಾರದೇ?" ಎಂದು ಕೇಳಿದರೆ ಸಾಕು, ಈ ಉತ್ತರ ಸಿದ್ಧವಾಗಿರುತ್ತದೆ. ಆ ಮಾತು ಸುಳ್ಳಲ್ಲ. ಅಜ್ಜ ಎಂಬತ್ತೈದು ವರ್ಷ ಬದುಕಿದ್ದು ನಿಜ, ಬೀಡಿ ಸೇದಿದ್ದೂ ನಿಜ. ಹಾಗಾದರೆ ತಪ್ಪಿರುವುದೆಲ್ಲಿ? ತಪ್ಪಿರುವುದು ಎಣಿಕೆಯಲ್ಲಿ. ಬದುಕಿ ಉಳಿದ ಒಬ್ಬ ಅಜ್ಜನನ್ನು ನಾವು ನೆನೆಯುತ್ತೇವೆ. ಅದೇ ಓಣಿಯಲ್ಲಿ ಐವತ್ತು ದಾಟುವ ಮೊದಲೇ ಕೆಮ್ಮಿ ಕೆಮ್ಮಿ ಕಣ್ಮುಚ್ಚಿದವರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವರು ಹೋದರು, ಅವರ ಮಾತೂ ಹೋಯಿತು. ಕಟ್ಟೆಯ ಮೇಲೆ ಕುಳಿತು ವಾದಿಸಲು ಅವರಿಲ್ಲ.

ಹೀಗೆ ಲೆಕ್ಕದಿಂದ ತಪ್ಪಿಹೋದವರನ್ನು ಲೆಕ್ಕಕ್ಕೆ ತರುವುದನ್ನೇ ಜೀವನದ ಕಾಯಕವನ್ನಾಗಿ ಮಾಡಿಕೊಂಡವರು ಜೀವಸಂಖ್ಯಾಶಾಸ್ತ್ರಜ್ಞರು. ಅವರ ಕೈಯಲ್ಲಿ ಔಷಧಿಯ ಸೀಸೆಯಿಲ್ಲ, ಕೊರಳಲ್ಲಿ ಸ್ಟೆತಾಸ್ಕೋಪಿಲ್ಲ. ರೋಗಿಯ ನಾಡಿಯನ್ನು ಅವರು ಮುಟ್ಟುವುದಿಲ್ಲ. ಆದರೂ ಇಂದು ವೈದ್ಯರು ಬರೆದುಕೊಡುವ ಗುಳಿಗೆಯ ಹಿಂದೆ, ಮಗುವಿಗೆ ಹಾಕಿಸುವ ಲಸಿಕೆಯ ಹಿಂದೆ, ಬೀಡಿಯ ಕಟ್ಟಿನ ಮೇಲಿನ ಎಚ್ಚರಿಕೆಯ ಹಿಂದೆ ಅವರ ದುಡಿಮೆಯಿದೆ. ಇಂಥವರಲ್ಲಿ ಅಗ್ರಗಣ್ಯರಾದ ಇಂಗ್ಲೆಂಡಿನ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ ಅವರನ್ನೂ, ಅವರು ತೋರಿದ ದಾರಿಯು ನಮ್ಮ ನಾಡಿನ ಬಡವರ ಮನೆಬಾಗಿಲಿಗೆ ಬಂದ ಬಗೆಯನ್ನೂ ಓದುಗರಿಗೆ ಪರಿಚಯಿಸುವುದು ಈ ಲೇಖನದ ಉದ್ದೇಶ.

ವೈದ್ಯನಾಗಲಾರದ ತರುಣ

ಹಿಲ್ ಅವರು ಜನಿಸಿದ್ದು ೧೮೯೭ರಲ್ಲಿ. ತಂದೆ ಲಿಯೊನಾರ್ಡ್ ಹಿಲ್ ಅವರು ಹೆಸರಾಂತ ಶರೀರಶಾಸ್ತ್ರಜ್ಞರು. ಮಗನಿಗೂ ವೈದ್ಯನಾಗಬೇಕೆಂಬ ಹಂಬಲವಿತ್ತು. ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂದಿತು. ನೌಕಾಪಡೆಯ ವಿಮಾನದಳವನ್ನು ಸೇರಿ ಪೂರ್ವ ಮೆಡಿಟರೇನಿಯನ್ ಪ್ರದೇಶಕ್ಕೆ ಹೋದ ತರುಣನಿಗೆ ಅಲ್ಲಿ ಅಂಟಿದ್ದು ಕ್ಷಯರೋಗ. ಆ ಕಾಲಕ್ಕೆ ಕ್ಷಯಕ್ಕೆ ಮದ್ದಿರಲಿಲ್ಲ. ವಿಶ್ರಾಂತಿ, ಗಾಳಿ, ಪುಷ್ಟಿಕರ ಆಹಾರ ಇಷ್ಟೇ ಚಿಕಿತ್ಸೆ, ಉಳಿದದ್ದು ದೈವಚಿತ್ತ. ಸಾಯಲೆಂದೇ ಮನೆಗೆ ಕಳುಹಿಸಲ್ಪಟ್ಟವರಂತೆ ಮರಳಿದ ಹಿಲ್ ಅವರು ಸುಮಾರು ಎರಡು ವರ್ಷ ಆಸ್ಪತ್ರೆಯಲ್ಲಿಯೂ, ಆ ಬಳಿಕ ಮತ್ತೆರಡು ವರ್ಷ ಚೇತರಿಕೆಯಲ್ಲಿಯೂ ಕಳೆದರು.

ಬದುಕಿ ಎದ್ದರು. ಆದರೆ ವೈದ್ಯಕೀಯ ವ್ಯಾಸಂಗದ ಶ್ರಮವನ್ನು ತಾಳುವ ಶಕ್ತಿ ದೇಹದಲ್ಲಿರಲಿಲ್ಲ. ಹಾಸಿಗೆಯಲ್ಲಿದ್ದುಕೊಂಡೇ ಓದಬಹುದಾದ ವಿಷಯವೆಂದು ಅರ್ಥಶಾಸ್ತ್ರವನ್ನು ಆರಿಸಿಕೊಂಡು, ಅಂಚೆಯ ಮೂಲಕ ಪಾಠ ತರಿಸಿಕೊಂಡು ೧೯೨೨ರಲ್ಲಿ ಲಂಡನ್ ವಿಶ್ವವಿದ್ಯಾಲಯದ ಪದವಿ ಪಡೆದರು. ಕುಟುಂಬದ ಸ್ನೇಹಿತರಾಗಿದ್ದ ಮೇಜರ್ ಗ್ರೀನ್‌ವುಡ್ ಎಂಬ ವಿದ್ವಾಂಸರು (ಮೇಜರ್ ಎಂಬುದು ಅವರ ಹೆಸರೇ ಹೊರತು ಸೈನ್ಯದ ಹುದ್ದೆಯಲ್ಲ) ಅವರನ್ನು ಆರೋಗ್ಯದ ಅಂಕಿಅಂಶಗಳ ಕಡೆಗೆ ತಿರುಗಿಸಿದರು. ವೈದ್ಯರಾಗಬೇಕೆಂದಿದ್ದವರು ವೈದ್ಯರಿಗೇ ಪಾಠ ಹೇಳುವ ಲೆಕ್ಕಿಗರಾದರು. ಗಣಿತವೆಂದರೆ ಬೆದರುವ ವೈದ್ಯರಿಗೂ ತಿಳಿಯುವಂತೆ ಅವರು 'ಲ್ಯಾನ್ಸೆಟ್' ಪತ್ರಿಕೆಗೆ ಬರೆದ ಲೇಖನಮಾಲೆ ೧೯೩೭ರಲ್ಲಿ ಪುಸ್ತಕವಾಗಿ ಬಂದು, ಎಷ್ಟೋ ತಲೆಮಾರುಗಳ ವಿದ್ಯಾರ್ಥಿಗಳ ಕೈಪಿಡಿಯಾಯಿತು.

ಚೀಟಿ ಎತ್ತಿದ ನ್ಯಾಯ

೧೯೪೩ರಲ್ಲಿ ಅಮೆರಿಕದ ಸೆಲ್ಮನ್ ವ್ಯಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ ಆಲ್ಬರ್ಟ್ ಶಾಟ್ಜ್ ಎಂಬ ತರುಣ ಸಂಶೋಧಕರು ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಸ್ಟ್ರೆಪ್ಟೊಮೈಸಿನ್ ಎಂಬ ಔಷಧಿಯನ್ನು ಬೇರ್ಪಡಿಸಿದರು. ಅದು ಕ್ಷಯದ ಕ್ರಿಮಿಯನ್ನು ಕೊಲ್ಲುತ್ತದೆಂಬ ಸುದ್ದಿ ಲೋಕವನ್ನೆಲ್ಲ ಹಬ್ಬಿತು. ಯುದ್ಧದಿಂದ ಬಡವಾಗಿದ್ದ ಇಂಗ್ಲೆಂಡಿಗೆ ಆ ಔಷಧಿಯನ್ನು ಬೇಕಾದಷ್ಟು ಕೊಳ್ಳಲು ಡಾಲರುಗಳಿರಲಿಲ್ಲ. ಬಂದದ್ದು ಸ್ವಲ್ಪ, ಬೇಡುವವರು ಸಾವಿರಾರು. ಯಾರಿಗೆ ಕೊಡುವುದು, ಯಾರಿಗೆ ಬಿಡುವುದು?

ಇದರೊಳಗೆ ಇನ್ನೊಂದು ಪ್ರಶ್ನೆ ಅಡಗಿತ್ತು. ಈ ಔಷಧಿ ನಿಜವಾಗಿ ಫಲಕಾರಿಯೇ? ಕ್ಷಯರೋಗವು ವಿಚಿತ್ರವಾದುದು. ಕೆಲವರು ಯಾವ ಮದ್ದಿಲ್ಲದೆಯೂ ಗುಣವಾಗುತ್ತಾರೆ, ಸ್ವತಃ ಹಿಲ್ ಅವರೇ ಇದಕ್ಕೆ ಸಾಕ್ಷಿ. ಹಾಗಿರುವಾಗ ಔಷಧಿ ಪಡೆದ ಹತ್ತು ಜನ ಗುಣವಾದರೆ, ಅದು ಔಷಧಿಯ ಗುಣವೋ ಅವರ ಆಯುಸ್ಸಿನ ಗಟ್ಟಿಯೋ ಹೇಳುವುದು ಹೇಗೆ? ವೈದ್ಯರೇ ರೋಗಿಗಳನ್ನು ಆರಿಸಿದರೆ ತಿಳಿದೋ ತಿಳಿಯದೆಯೋ ಬದುಕುವ ಲಕ್ಷಣವಿರುವವರಿಗೆ ಔಷಧಿ ಕೊಟ್ಟಾರು. ಇಲ್ಲವೇ ಕನಿಕರದಿಂದ ಸಾಯುವ ಸ್ಥಿತಿಯಲ್ಲಿರುವವರಿಗೇ ಕೊಟ್ಟಾರು. ಎರಡರಲ್ಲಿಯೂ ಸತ್ಯ ಮರೆಯಾಗುತ್ತದೆ.

ಇದಕ್ಕೆ ಉತ್ತರ ಹೊಲದಲ್ಲಿ ದೊರೆತಿತ್ತೆಂದರೆ ನಮ್ಮ ರೈತ ಬಾಂಧವರಿಗೆ ಸೋಜಿಗವೂ ಸಂತೋಷವೂ ಆದೀತು. ಹೊಸ ಗೊಬ್ಬರವನ್ನು ಪರೀಕ್ಷಿಸುವಾಗ ಒಳ್ಳೆಯ ಮಣ್ಣಿನ ಕಡೆಗೆ ಗೊಬ್ಬರ ಹಾಕಿ, ಕಲ್ಲುಭೂಮಿಯನ್ನು ಹಾಗೆಯೇ ಬಿಟ್ಟರೆ ಫಲವೇನು? ಆದುದರಿಂದ ಹೊಲವನ್ನು ತುಂಡು ಮಾಡಿ, ಯಾವ ತುಂಡಿಗೆ ಯಾವ ಗೊಬ್ಬರವೆಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಬೇಕೆಂದು ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿದ್ದ ರೊನಾಲ್ಡ್ ಫಿಶರ್ ಅವರು ತೋರಿಸಿಕೊಟ್ಟಿದ್ದರು. ನಮ್ಮ ಹೂವಿನಹಡಗಲಿಯಲ್ಲಿ ೧೯೨೦ರಲ್ಲಿ ಹುಟ್ಟಿ, ಸಂಖ್ಯಾಶಾಸ್ತ್ರದಲ್ಲಿ ವಿಶ್ವಮಾನ್ಯರಾಗಿ ೨೦೨೩ರಲ್ಲಿ ಅಗಲಿದ ಸಿ. ಆರ್. ರಾವ್ ಅವರು ಕೇಂಬ್ರಿಡ್ಜಿನಲ್ಲಿ ಇದೇ ಫಿಶರ್ ಅವರ ಶಿಷ್ಯರಾಗಿದ್ದರು.

ಹೊಲದ ಈ ನ್ಯಾಯವನ್ನು ಹಿಲ್ ಅವರು ಆಸ್ಪತ್ರೆಗೆ ತಂದರು. ಎರಡೂ ಶ್ವಾಸಕೋಶಗಳಿಗೆ ಕ್ಷಯ ಹಬ್ಬಿದ ತರುಣ ರೋಗಿಗಳನ್ನು ಒಂದೊಂದಾಗಿ ಸೇರಿಸಿಕೊಳ್ಳಲಾಯಿತು. ಯಾರಿಗೆ ಔಷಧಿಯೆಂಬುದನ್ನು ವೈದ್ಯರು ನಿರ್ಧರಿಸಲಿಲ್ಲ. ಮೊದಲೇ ಸಿದ್ಧಪಡಿಸಿ ಮುದ್ರೆಯೊತ್ತಿದ ಲಕೋಟೆಯೊಳಗಿನ ಚೀಟಿ ಅದನ್ನು ನಿರ್ಧರಿಸಿತು. ರೋಗಿಯನ್ನು ಸೇರಿಸಿಕೊಂಡ ಮೇಲೆಯೇ ಲಕೋಟೆಯನ್ನು ಒಡೆಯಬೇಕು. ಎಕ್ಸ್-ರೇ ಚಿತ್ರಗಳನ್ನು ಪರಿಶೀಲಿಸಿದ ತಜ್ಞರಿಗೂ ಯಾವ ಚಿತ್ರ ಯಾವ ಗುಂಪಿನದೆಂದು ತಿಳಿಸಲಿಲ್ಲ.

ಒಟ್ಟು ೧೦೭ ರೋಗಿಗಳು. ೫೫ ಮಂದಿಗೆ ಔಷಧಿ ಮತ್ತು ವಿಶ್ರಾಂತಿ. ೫೨ ಮಂದಿಗೆ ಕೇವಲ ವಿಶ್ರಾಂತಿ. ಆರು ತಿಂಗಳು ಕಳೆದಾಗ ಔಷಧಿ ಪಡೆದವರಲ್ಲಿ ೪ ಮಂದಿ, ಪಡೆಯದವರಲ್ಲಿ ೧೪ ಮಂದಿ ತೀರಿಕೊಂಡಿದ್ದರು. ಸತ್ಯವು ಅಂಗೈಯ ನೆಲ್ಲಿಯಂತೆ ಸ್ಪಷ್ಟವಾಯಿತು. ೧೯೪೮ರ ಅಕ್ಟೋಬರಿನಲ್ಲಿ ಪ್ರಕಟವಾದ ಈ ವರದಿಯು ವೈದ್ಯಕೀಯ ಇತಿಹಾಸದ ಒಂದು ಮೈಲಿಗಲ್ಲು. ಇಂದು ಹೊಸ ಔಷಧಿಯನ್ನು ಪರೀಕ್ಷಿಸುವಾಗ ಅನುಸರಿಸುವ ಕ್ರಮಕ್ಕೆ ಮೇಲ್ಪಂಕ್ತಿ ಅದೇ.

"ಔಷಧಿ ಕೈಯಲ್ಲಿದ್ದೂ ಐವತ್ತೆರಡು ಜನರಿಗೆ ಕೊಡದೆ ಬಿಟ್ಟದ್ದು ನಿರ್ದಯವಲ್ಲವೇ?" ಎಂದು ಸಹೃದಯರು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆಯಿದು. ಎಲ್ಲರಿಗೂ ಸಾಲುವಷ್ಟು ಔಷಧಿ ಇರಲೇ ಇಲ್ಲ. ಶಿಫಾರಸು ತಂದವರಿಗೆ, ಹಣವುಳ್ಳವರಿಗೆ ಕೊಟ್ಟು ಮುಗಿಸುವ ಬದಲು ಚೀಟಿ ಎತ್ತಿದರೆ ಬಡವನಿಗೂ ಬಲ್ಲಿದನಿಗೂ ಸಮನಾದ ಅವಕಾಶ. ಜೊತೆಗೆ ಮುಂದಿನವರಿಗೆ ಸತ್ಯದ ಅರಿವು. ಹಿಲ್ ಅವರ ನಿಲುವು ಇದಾಗಿತ್ತು. ಆದರೆ ಔಷಧಿ ಪಡೆಯದ ರೋಗಿಗಳಿಗೆ ತಾವು ಇಂಥದೊಂದು ಪ್ರಯೋಗದಲ್ಲಿದ್ದೇವೆಂಬ ಸಂಗತಿಯನ್ನು ತಿಳಿಸಿರಲಿಲ್ಲ. ರೋಗಿಗೆ ಎಲ್ಲವನ್ನೂ ವಿವರಿಸಿ, ಆತನ ಒಪ್ಪಿಗೆ ಪಡೆಯದೆ ಇಂದು ಯಾರೂ ಹಾಗೆ ಮಾಡುವಂತಿಲ್ಲ. ಲೆಕ್ಕದ ಶಾಸ್ತ್ರದೊಂದಿಗೆ ಧರ್ಮದ ವಿವೇಕವೂ ಬೆಳೆಯಬೇಕಾಯಿತು.

ಎಣಿಕೆ ಅಲ್ಲಿಗೇ ನಿಲ್ಲಲಿಲ್ಲ. ಗುಣಮುಖರಾದ ಹಲವರು ಮತ್ತೆ ಹಾಸಿಗೆ ಹಿಡಿದರು. ಕ್ಷಯದ ಕ್ರಿಮಿಗಳು ಆ ಒಂದು ಔಷಧಿಗೆ ಬಗ್ಗದಂತೆ ಮಾರ್ಪಟ್ಟಿದ್ದವು. ಮುಂದಿನ ಪರೀಕ್ಷೆಯಲ್ಲಿ ಎರಡು ಔಷಧಿಗಳನ್ನು ಒಟ್ಟಿಗೆ ಕೊಟ್ಟಾಗ ಕ್ರಿಮಿಗಳು ಹಾಗೆ ಹಠ ಸಾಧಿಸುವುದು ಬಹುಮಟ್ಟಿಗೆ ತಪ್ಪಿತು. ಇಂದಿಗೂ ಕ್ಷಯರೋಗಿಗೆ ಹಲವು ಗುಳಿಗೆಗಳನ್ನು ಒಟ್ಟಾಗಿ, ತಿಂಗಳುಗಟ್ಟಲೆ, ತಪ್ಪದೆ ನುಂಗಬೇಕೆಂದು ಹೇಳುವುದರ ಮೂಲ ಇಲ್ಲಿದೆ.

ಮದರಾಸಿನ ಗುಡಿಸಲುಗಳಲ್ಲಿ

ಈ ವಿದ್ಯೆ ನಮ್ಮ ದೇಶಕ್ಕೆ ಬಂದ ಕಥೆ ಇನ್ನೂ ಮನಮುಟ್ಟುವಂಥದು. ೧೯೫೦ರ ದಶಕದಲ್ಲಿ ಭಾರತದಲ್ಲಿ ಲಕ್ಷಾಂತರ ಕ್ಷಯರೋಗಿಗಳಿದ್ದರು. ಆಸ್ಪತ್ರೆಯ ಹಾಸಿಗೆಗಳೋ ಬೆರಳೆಣಿಕೆಯಷ್ಟು. ಆರೋಗ್ಯಧಾಮದಲ್ಲಿ ತಿಂಗಳುಗಟ್ಟಲೆ ಮಲಗಿಸಿ, ಹಾಲು ಮೊಟ್ಟೆ ಹಣ್ಣು ಕೊಟ್ಟರಷ್ಟೇ ರೋಗ ಗುಣವಾಗುವುದೆಂಬ ನಂಬಿಕೆ ಬಲವಾಗಿತ್ತು. ಅದು ನಿಜವಾಗಿದ್ದರೆ ಬಡವನಿಗೆ ಬದುಕುವ ದಾರಿಯೇ ಇರುತ್ತಿರಲಿಲ್ಲ.

೧೯೫೬ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು, ಮದರಾಸು ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಗಳು ಕೂಡಿ ಮದರಾಸಿನಲ್ಲಿ ಒಂದು ಕೇಂದ್ರವನ್ನು ತೆರೆದವು. ವಾಲೆಸ್ ಫಾಕ್ಸ್ ಎಂಬ ವೈದ್ಯರು ಅದರ ಮುಂದಾಳು. ಅಲ್ಲಿಯೂ ಅದೇ ಚೀಟಿಯ ನ್ಯಾಯ. ಬಡ ಕುಟುಂಬಗಳ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪನ್ನು ಆರೋಗ್ಯಧಾಮಕ್ಕೆ ಸೇರಿಸಿದರು. ಇನ್ನೊಂದು ಗುಂಪಿಗೆ ಅದೇ ಔಷಧಿಗಳನ್ನು ಕೊಟ್ಟು ಮನೆಯಲ್ಲಿಯೇ ಇರಿಸಿದರು. ಒಂದು ವರ್ಷ ಚಿಕಿತ್ಸೆ ನಡೆಯಿತು. ಮನೆಯಲ್ಲಿದ್ದವರ ಊಟ ಸಾಧಾರಣ, ವಾಸ ಇಕ್ಕಟ್ಟು, ವಿಶ್ರಾಂತಿ ಕಡಿಮೆ. ಆದರೂ ೧೯೫೯ರಲ್ಲಿ ವರದಿ ಹೊರಬಂದಾಗ ಎರಡು ಗುಂಪುಗಳ ಫಲಿತಾಂಶವೂ ಹೆಚ್ಚುಕಡಿಮೆ ಸಮನಾಗಿತ್ತು! ಇದಕ್ಕಿಂತ ಮಿಗಿಲಾದ ಸಂಗತಿಯೆಂದರೆ, ಚಿಕಿತ್ಸೆ ಪಡೆಯುತ್ತ ಮನೆಯಲ್ಲಿದ್ದ ರೋಗಿಯಿಂದ ಮನೆಮಂದಿಗೆ ಹೆಚ್ಚಿನ ಅಪಾಯವೂ ಉಂಟಾಗಿರಲಿಲ್ಲ.

ಈ ಒಂದು ಎಣಿಕೆ ಎಷ್ಟು ಸಂಸಾರಗಳನ್ನು ಉಳಿಸಿತೆಂದು ಊಹಿಸಿ ನೋಡಿ. ಕ್ಷಯ ತಗಲಿತೆಂದು ಸೊಸೆಯನ್ನು ತವರಿಗೆ ಅಟ್ಟುವುದು, ತಟ್ಟೆ ಲೋಟ ಬೇರೆ ಮಾಡಿ ಹಿತ್ತಲ ಕೋಣೆಗೆ ತಳ್ಳುವುದು, ಮಕ್ಕಳ ಮದುವೆಗೆ ಅಡ್ಡಿಯಾದೀತೆಂದು ರೋಗವನ್ನೇ ಮುಚ್ಚಿಡುವುದು ಇವೆಲ್ಲ ನಮ್ಮ ಮನೆಗಳಲ್ಲಿ ನಡೆದಿವೆ. ಔಷಧಿಯನ್ನು ಕ್ರಮವಾಗಿ ನುಂಗಿದರೆ ರೋಗಿಯು ಮನೆಯವರ ನಡುವೆಯೇ ಗುಣವಾಗಬಲ್ಲನೆಂಬುದಕ್ಕೆ ಮದರಾಸಿನ ಗುಡಿಸಲುಗಳೇ ಪ್ರಮಾಣ ನೀಡಿದವು. ಅದೇ ೧೯೫೯ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಗೊಂಡು, ಹಳ್ಳಿಹಳ್ಳಿಗೂ ಚಿಕಿತ್ಸೆ ತಲುಪಿಸುವ ರಾಷ್ಟ್ರೀಯ ಕಾರ್ಯಕ್ರಮವನ್ನು ರೂಪಿಸುವ ಹೊಣೆ ಹೊತ್ತಿತು.

ಹೊಗೆಯ ಹಿಂದಿನ ಲೆಕ್ಕ

ಇನ್ನು ಅಜ್ಜನ ಬೀಡಿಯ ಮಾತಿಗೆ ಬರೋಣ. ಇಂಗ್ಲೆಂಡ್ ಮತ್ತು ವೇಲ್ಸ್ ಪ್ರಾಂತಗಳಲ್ಲಿ ೧೯೨೨ರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ಸತ್ತವರೆಂದು ದಾಖಲಾದವರು ೬೧೨ ಮಂದಿ. ೧೯೪೭ರಲ್ಲಿ ೯,೨೮೭ ಮಂದಿ. ಇಪ್ಪತ್ತೈದು ವರ್ಷಗಳಲ್ಲಿ ಹದಿನೈದು ಪಟ್ಟು! ಕಾರಣವೇನು? ಮೋಟಾರು ವಾಹನಗಳ ಹೊಗೆ ಎಂದರು ಕೆಲವರು. ರಸ್ತೆಯ ಡಾಂಬರು ಎಂದರು ಕೆಲವರು. ಹಿಲ್ ಅವರು ರಿಚರ್ಡ್ ಡಾಲ್ ಎಂಬ ತರುಣ ವೈದ್ಯರನ್ನು ಜೊತೆಗೂಡಿಸಿಕೊಂಡು ಲಂಡನ್ನಿನ ೨೦ ಆಸ್ಪತ್ರೆಗಳಲ್ಲಿ ವಿಚಾರಣೆ ನಡೆಸಿದರು. ಶ್ವಾಸಕೋಶದ ಕ್ಯಾನ್ಸರಿನ ೭೦೯ ರೋಗಿಗಳಿಗೆ, ಅದೇ ವಯೋಮಾನದ ಆದರೆ ಬೇರೆ ಕಾಯಿಲೆಗಳಿಂದ ನರಳುತ್ತಿದ್ದ ೭೦೯ ಜನರನ್ನು ಹೋಲಿಕೆಗೆಂದು ಇಟ್ಟುಕೊಂಡರು. ಕ್ಯಾನ್ಸರ್ ಪೀಡಿತರಾದ ೬೪೯ ಗಂಡಸರಲ್ಲಿ ಹೊಗೆ ಸೇದದವರು ಕೇವಲ ಇಬ್ಬರು. ಹೋಲಿಕೆಯ ೬೪೯ ಗಂಡಸರಲ್ಲಿ ೨೭ ಮಂದಿ. ಹೆಚ್ಚು ಸೇದಿದಷ್ಟೂ ಅಪಾಯ ಹೆಚ್ಚಿತ್ತು.

ಪ್ರಶ್ನೆ ಕೇಳಿದವರೇ ಪಕ್ಷಪಾತ ಮಾಡಿರಬಹುದಲ್ಲವೇ ಎಂಬ ಶಂಕೆಗೂ ಅವರಲ್ಲಿ ಸಮಾಧಾನವಿತ್ತು. ವಿಚಾರಣೆಯ ಕಾಲಕ್ಕೆ ಶ್ವಾಸಕೋಶದ ಕ್ಯಾನ್ಸರೆಂದು ಭಾವಿಸಿದ್ದ ಕೆಲವರಿಗೆ, ಆಮೇಲೆ ಆ ರೋಗವಿಲ್ಲವೆಂದು ತಿಳಿದುಬಂದಿತ್ತು. ಕೇಳುವವರು ಪಕ್ಷಪಾತಿಗಳಾಗಿದ್ದರೆ ಇವರ ಉತ್ತರಗಳೂ ಕ್ಯಾನ್ಸರ್ ರೋಗಿಗಳ ಉತ್ತರಗಳನ್ನೇ ಹೋಲಬೇಕಿತ್ತು. ಹಾಗಾಗಲಿಲ್ಲ, ಅವು ಉಳಿದವರ ಉತ್ತರಗಳಂತೆಯೇ ಇದ್ದವು. ಲೆಕ್ಕ ನೋಡುತ್ತ ನೋಡುತ್ತ, ಸ್ವತಃ ಸಿಗರೇಟು ಸೇದುತ್ತಿದ್ದ ಡಾಲ್ ಅವರು ಆ ಅಭ್ಯಾಸವನ್ನೇ ತೊರೆದರು!

೧೯೫೦ರಲ್ಲಿ ಈ ವರದಿ ಪ್ರಕಟವಾಯಿತು. ಆದರೆ ರೋಗ ಬಂದ ಮೇಲೆ ಹಿಂದಿನದನ್ನು ಕೇಳಿದರೆ ಸಾಲದು, ಆರೋಗ್ಯವಂತರನ್ನೇ ಆರಿಸಿ ಮುಂದೇನಾಗುವುದೆಂದು ಕಾಯಬೇಕೆಂದು ಅವರು ಬಗೆದರು. ೧೯೫೧ರಲ್ಲಿ ಬ್ರಿಟನ್ನಿನ ವೈದ್ಯರಿಗೆಲ್ಲ ಒಂದು ಚಿಕ್ಕ ಪ್ರಶ್ನಪತ್ರ ಹೋಯಿತು. ಸುಮಾರು ೪೦ ಸಾವಿರ ವೈದ್ಯರು ಉತ್ತರಿಸಿದರು. ಅವರಲ್ಲಿ ೩೪,೪೩೯ ಪುರುಷರ ಬದುಕುಸಾವುಗಳನ್ನು ಅರ್ಧ ಶತಮಾನ ಹಿಂಬಾಲಿಸಿದ ಲೆಕ್ಕ ೨೦೦೪ರಲ್ಲಿ ಹೊರಬಂದಿತು. ಬಿಡದೆ ಸಿಗರೇಟು ಸೇದಿದವರು ಸೇದದವರಿಗಿಂತ ಸರಾಸರಿ ೧೦ ವರ್ಷ ಮೊದಲೇ ಸತ್ತಿದ್ದರು. ೬೦ನೆಯ ವಯಸ್ಸಿನಲ್ಲಿ ಬಿಟ್ಟವರು ಸುಮಾರು ೩ ವರ್ಷ, ೫೦ರಲ್ಲಿ ಬಿಟ್ಟವರು ೬ ವರ್ಷ, ೪೦ರಲ್ಲಿ ಬಿಟ್ಟವರು ೯ ವರ್ಷ, ೩೦ರಲ್ಲಿ ಬಿಟ್ಟವರು ಬಹುಪಾಲು ೧೦ ವರ್ಷಗಳ ಆಯುಸ್ಸನ್ನೂ ಮರಳಿ ಗಳಿಸಿದ್ದರು. "ಈಗ ಬಿಟ್ಟು ಏನು ಪ್ರಯೋಜನ?" ಎನ್ನುವ ಹಿರಿಯರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ.

ಗುರುವಿನ ಆಕ್ಷೇಪ, ಹಿಲ್ ಅವರ ವಿವೇಕ

ಈ ನಿರ್ಣಯವನ್ನು ಎಲ್ಲರೂ ಒಪ್ಪಲಿಲ್ಲ. ವಿರೋಧಿಸಿದವರಲ್ಲಿ ಪ್ರಮುಖರು ಸಾಕ್ಷಾತ್ ಫಿಶರ್ ಅವರೇ. ಹೊಗೆ ಸೇದುವ ಚಟವೂ ಕ್ಯಾನ್ಸರಿಗೆ ತುತ್ತಾಗುವ ಗುಣವೂ ಒಂದೇ ಹುಟ್ಟುಗುಣದಿಂದ ಬಂದಿರಬಹುದಲ್ಲವೇ ಎಂಬುದು ಅವರ ಆಕ್ಷೇಪ. ಫಿಶರ್ ಅವರೂ ಪೈಪು ಸೇದುತ್ತಿದ್ದರೆಂಬುದು ಬೇರೆ ಮಾತು, ಆಕ್ಷೇಪವಂತೂ ತಳ್ಳಿಹಾಕುವಂಥದಲ್ಲ. ಎರಡು ಸಂಗತಿಗಳು ಜೊತೆಯಾಗಿ ಬಂದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗುವುದಿಲ್ಲ. ಕೋಳಿ ಕೂಗಿದ್ದರಿಂದ ಬೆಳಗಾಗುವುದೇ?

೧೯೬೫ರಲ್ಲಿ ಹಿಲ್ ಅವರು ತಮ್ಮ ಪ್ರಸಿದ್ಧ ಉಪನ್ಯಾಸದಲ್ಲಿ ಇದನ್ನು ಬಿಡಿಸಿ ಹೇಳಿದರು. ಸಂಬಂಧ ಎಷ್ಟು ಬಲವಾಗಿದೆ? ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ಜನರು ನೋಡಿದರೂ ಅದೇ ಕಾಣುತ್ತದೆಯೇ? ಕಾರಣವೆನಿಸಿದ್ದು ರೋಗಕ್ಕಿಂತ ಮೊದಲು ಬಂದಿತೇ? ಪ್ರಮಾಣ ಹೆಚ್ಚಿದಂತೆ ರೋಗವೂ ಹೆಚ್ಚುತ್ತದೆಯೇ? ಇಂತಹ ಒಂಬತ್ತು ದೃಷ್ಟಿಗಳಿಂದ ಒರೆಹಚ್ಚಿ ನೋಡಬೇಕು. ಯಾವುದೊಂದೂ ತಾನಾಗಿ ಅಂತಿಮ ಪ್ರಮಾಣವಲ್ಲ ಎಂದರು. ಮನುಷ್ಯನ ಜ್ಞಾನ ಎಂದಿಗೂ ಪೂರ್ಣವಾಗದು, ಆದರೆ ಅದನ್ನೇ ನೆಪಮಾಡಿ ತಿಳಿದಷ್ಟನ್ನೂ ಆಚರಿಸದೆ ಕೂಡುವುದು ಸಲ್ಲದೆಂಬುದು ಅವರ ಮಾತಿನ ತಿರುಳು. ೧೯೬೧ರಲ್ಲಿ 'ಸರ್' ಪದವಿಯಿಂದ ಗೌರವಿಸಲ್ಪಟ್ಟ ಅವರು, ಯೌವನದಲ್ಲಿಯೇ ಸಾಯುವರೆಂದು ಎಣಿಸಲ್ಪಟ್ಟಿದ್ದ ಅವರು, ತೊಂಬತ್ತಮೂರು ವರ್ಷಗಳ ತುಂಬುಬಾಳನ್ನು ಬಾಳಿ ೧೯೯೧ರಲ್ಲಿ ತೀರಿಕೊಂಡರು.

ನಮ್ಮ ಮನೆಯ ಲೆಕ್ಕ

ಹಿಲ್ ಅವರ ಜೀವನದ ಎರಡು ಎಳೆಗಳಾದ ಕ್ಷಯ ಮತ್ತು ಹೊಗೆ ನಮ್ಮ ನೆರೆಯ ತಮಿಳುನಾಡಿನಲ್ಲಿ ಒಂದಾಗಿ ಹೆಣೆದುಕೊಂಡವು. ತೀರಿಕೊಂಡ ೪೩ ಸಾವಿರ ಗಂಡಸರನ್ನು ಬದುಕಿದ್ದ ೩೫ ಸಾವಿರ ಗಂಡಸರೊಡನೆ ಹೋಲಿಸಿದ ಅಧ್ಯಯನವೊಂದು ೨೦೦೩ರಲ್ಲಿ ಪ್ರಕಟವಾಯಿತು. ಗಂಡಸರ ಕ್ಷಯದ ಸಾವುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಹೊಗೆಸೇವನೆಯೇ ಹೊಣೆಯೆಂದು ಅದು ತೋರಿಸಿತು. ೨೦೦೮ರಲ್ಲಿ, ದೇಶದಾದ್ಯಂತ ೧೧ ಲಕ್ಷ ಮನೆಗಳ ಸಮೀಕ್ಷೆಯನ್ನು ಆಧರಿಸಿ ಇನ್ನೊಂದು ವರದಿ ಬಂದಿತು. ಬೀಡಿ ಸೇದುವ ಗಂಡಸರು ಸುಮಾರು ೬ ವರ್ಷ, ಬೀಡಿ ಸೇದುವ ಹೆಂಗಸರು ಸುಮಾರು ೮ ವರ್ಷ, ಸಿಗರೇಟು ಸೇದುವ ಗಂಡಸರು ಸುಮಾರು ೧೦ ವರ್ಷಗಳ ಆಯುಸ್ಸನ್ನು ಕಳೆದುಕೊಳ್ಳುತ್ತಾರೆಂದು ಅದರಲ್ಲಿ ತಿಳಿದುಬಂದಿತು. ಬೀಡಿ ಚಿಕ್ಕದು, ಅದರಿಂದೇನು ಎನ್ನುವ ಮಾತಿಗೂ ಅಲ್ಲಿಗೆ ತೆರೆ ಬಿದ್ದಿತು.

ಆ ಹನ್ನೊಂದು ಲಕ್ಷ ಮನೆಗಳಲ್ಲಿ ನಮ್ಮಂಥವರ ಮನೆಗಳೂ ಇದ್ದವು. ಸಾವು ಸಂಭವಿಸಿದ ಮನೆಗೆ ಕಾರ್ಯಕರ್ತರು ಹೋಗಿ, ತೀರಿಕೊಂಡವರಿಗೆ ಕೊನೆಯ ದಿನಗಳಲ್ಲಿ ಏನೇನು ಬಾಧೆಯಿತ್ತೆಂದು ಕೇಳಿ ಬರೆದುಕೊಂಡರು. ದುಃಖದ ನಡುವೆಯೂ ಹೆಂಡತಿಯೋ ತಾಯಿಯೋ ತಾಳ್ಮೆಯಿಂದ ಉತ್ತರಿಸಿದರು. ಆ ಉತ್ತರಗಳನ್ನು ಓದಿ ವೈದ್ಯರು ಸಾವಿನ ಕಾರಣವನ್ನು ನಿರ್ಣಯಿಸಿದರು. ಹೆಸರಿಲ್ಲದ ಆ ಗೃಹಿಣಿಯರು ನೀಡಿದ ಮಾಹಿತಿಯಿಂದಲೇ ಈ ಜ್ಞಾನ ಹುಟ್ಟಿತೆಂಬುದನ್ನು ಮರೆಯಲಾಗದು.

ನಮ್ಮ ನಿಪ್ಪಾಣಿಯ ಸುತ್ತಿನ ಕಪ್ಪುನೆಲ, ಹುಣಸೂರು ಪಿರಿಯಾಪಟ್ಟಣಗಳ ಹೊಲಗಳು ತಂಬಾಕಿಗೆ ಹೆಸರಾದವು. ಎಷ್ಟೋ ಸಂಸಾರಗಳ ಅನ್ನ ಅದರಲ್ಲಿದೆಯೆಂಬುದನ್ನು ಅಲ್ಲಗಳೆಯುವಂತಿಲ್ಲ. ಬೆಳೆಯುವವರನ್ನು ಹಳಿದು ಫಲವಿಲ್ಲ. ಆದರೆ ನಮ್ಮ ಮಕ್ಕಳು ಅದರ ಚಟಕ್ಕೆ ಬೀಳದಂತೆ ನೋಡಿಕೊಳ್ಳುವುದು ಪ್ರತಿಯೊಂದು ಮನೆಯ ಕೈಯಲ್ಲಿದೆ. ಸಾರ್ವಜನಿಕ ಸ್ಥಳಗಳಲ್ಲಿ ಹೊಗೆ ಸೇದುವುದನ್ನು ದೇಶದಾದ್ಯಂತ ನಿಷೇಧಿಸುವ ನಿಯಮಗಳು ೨೦೦೮ರ ಗಾಂಧಿ ಜಯಂತಿಯಂದು ಜಾರಿಗೆ ಬಂದವು. ಕಾನೂನು ಬೀದಿಯನ್ನು ಕಾದೀತು. ಮನೆಯ ಪಡಸಾಲೆಯನ್ನು ಕಾಯಬೇಕಾದವರು ನಾವೇ.

ಸಂಖ್ಯಾಶಾಸ್ತ್ರಜ್ಞರು ನಮಗೆ ಕಲಿಸುವ ಪಾಠ ಸರಳವಾದುದು. "ಈ ಬೇರಿನಿಂದ ಗುಣವಾಯಿತು", "ಆ ಲಸಿಕೆಯಿಂದ ಕೇಡಾಯಿತು" ಎಂದು ಯಾರಾದರೂ ಹೇಳಿದಾಗ, ಗೌರವದಿಂದಲೇ ಕೇಳೋಣ: ಎಷ್ಟು ಜನರಲ್ಲಿ? ಯಾರಿಗೆ ಹೋಲಿಸಿ? ಗುಣವಾಗದವರನ್ನೂ ಎಣಿಸಿದ್ದೀರಾ? ಇನ್ನು ಆಶಾ ಕಾರ್ಯಕರ್ತೆಯೋ ಸಮೀಕ್ಷೆಯವರೋ ಮನೆಗೆ ಬಂದಾಗ ಒಳಗಿನಿಂದಲೇ "ನಮ್ಮಲ್ಲಿ ಯಾರಿಗೂ ಏನೂ ಇಲ್ಲ" ಎಂದು ಸಾಗಹಾಕದೆ, ಕೂರಿಸಿ ನೀರು ಕೊಟ್ಟು ಇದ್ದುದನ್ನು ಇದ್ದಂತೆ ಹೇಳೋಣ. ನಾವು ಮುಚ್ಚಿಟ್ಟ ಒಂದು ಕೆಮ್ಮು ನಾಳಿನ ಲೆಕ್ಕವನ್ನು ಕೆಡಿಸುತ್ತದೆ. ಕೆಟ್ಟ ಲೆಕ್ಕದ ಫಲವನ್ನು ಉಣ್ಣುವವರು ನಮ್ಮ ಮೊಮ್ಮಕ್ಕಳು.

ಎಂಬತ್ತೈದು ವರ್ಷ ಬದುಕಿದ ಅಜ್ಜನನ್ನು ಪ್ರೀತಿಯಿಂದ ನೆನೆಯೋಣ. ಅವನ ಜೊತೆ ಅದೇ ಕಟ್ಟೆಯ ಮೇಲೆ ಬೀಡಿ ಹಚ್ಚುತ್ತಿದ್ದು, ಮೊಮ್ಮಕ್ಕಳ ಮುಖ ಕಾಣದೆ ಹೋದ ಗೆಳೆಯರನ್ನೂ ಒಮ್ಮೆ ಎಣಿಸೋಣ. ಎಣಿಸಿ ಮುಗಿಸಿದ ಮೇಲೆ, ಮಗಳ ಮಾತಿಗೆ ಉತ್ತರ ಹೇಳೋಣ.